ಕವಲಿನ ಮುಂದೆ ಕಡ್ಡಿ

ಸಾಂಟಾ ಕ್ಲಾರಾ
೩೧ ಜನವರಿ ೧೯೮೭, ಶನಿವಾರ

ಚಿ. ಸೌ. ಶೈಲಜಳಿಗೆ ನಿನ್ನ ಸೋದರಮಾವ ಶಿವರಾಮು ಬರೆಯುವುದು.

ಇಲ್ಲಿ ನಾನು ಕ್ಷೇಮ, ಅಲ್ಲಿ ನೀನೂ ಕ್ಷೇಮ ಎಂದು ನಂಬಿದ್ದೇನೆ ಅಂತ ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ, ಏಕೆಂದರೆ ನಂಬಿಲ್ಲ. ಎರಡು ವಾರದ ಕೆಳಗೆ ಸನ್ನಿವೇಲಿನ ಸ್ಕೂಲ್ ಹಾಲಿನಲ್ಲಿ ಕನ್ನಡ ಕೂಟದ ಸಂಕ್ರಾಂತಿ ನಡೆಯಿತಲ್ಲ, ಅಲ್ಲಿ ನೀನು ಎಳ್ಳು ಬೀರಲು ಕೈ ಚಾಚಿದಾಗ ಸೆರಗು ಜಾರಿತು. ಕುತ್ತಿಗೆಯ ಆಚೆ ಮಗ್ಗುಲಿಗೆ ನಾಲ್ಕು ನೀಲಿ ಗೆರೆ, ಈಚೆ ಮಗ್ಗುಲಿಗೆ ಒಂದು. ನಾನು ಬಾಯಿ ತೆರೆಯುವ ಮುಂಚೆಯೇ ನಿನ್ನ ಗಂಡ ಹನುಮಂತರಾಜು, "ಕಾರಿನ ಬಾಗಿಲು ತಗಲ್ತು ಮಾವ" ಅಂದ. ಬಾಗಿಲಿಗೆ ಐದು ಬೆರಳಿರುವುದನ್ನು ನಾನು ಅಮೆರಿಕದಲ್ಲೂ ಕಂಡಿಲ್ಲ. ನಕ್ಕು ಸುಮ್ಮನಾದೆ. ನಾನು ನಕ್ಕು ಸುಮ್ಮನಾದರೆ ಏನರ್ಥ ಅಂತ ನಿಮ್ಮಮ್ಮ ಮರಿತಾಯಮ್ಮನನ್ನು ಕೇಳು, ಹೇಳುತ್ತಾಳೆ.

ನಿಮ್ಮ ಮೇಲಿನ ಮನೆಯ ಮೈಥಿಲಿ ಪ್ರತಿ ಶನಿವಾರ ದಿನಸಿಗೆ ಎಲ್ ಕಮೀನೊ ರಸ್ತೆಯ ನಮ್ಮ ಸೇಠು ಅಂಗಡಿಗೆ ಬರುತ್ತಾಳೆ. ಆ ಅಂಗಡಿಯ ವೀಡಿಯೊ ವಿಭಾಗಕ್ಕೆ ನಾನೇ ಮುಖ್ಯಸ್ಥ. ವಿಭಾಗದಲ್ಲಿ ಬೇರೆ ಯಾರೂ ಇಲ್ಲ, ಅದು ಬೇರೆ ಮಾತು. ನಿನಗೆ ಬರುವ ಟಪಾಲಿನ ಕಾಗದವನ್ನೆಲ್ಲ ನಿನ್ನ ಗಂಡನೇ ಒಡೆಯುತ್ತಾನೆ, ಆಫೀಸಿಗೆ ಹೋಗುವಾಗ ಫೋನನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾನೆ ಎಂದು ಆ ಹುಡುಗಿಯೇ ಹೇಳಿದಳು. ಅದಕ್ಕೇ ಈ ಕಾಗದ ಟೇಪಿನ ಡಬ್ಬಿಯೊಳಗೆ ಕೂತು ಬಂದಿದೆ. ಇವು ಕೊಲೆ ಪಿಚ್ಚರಿನ ಟೇಪುಗಳು. ಈ ಡಬ್ಬಿಗಳನ್ನು ಅವನು ಮುಟ್ಟುವುದಿಲ್ಲ. ನಿನ್ನ ಮದುವೆಯಲ್ಲಿ ಬಾಳೆಎಲೆ ಕೊಯ್ಯುವವನು ಬೆರಳು ಕೊಯ್ದುಕೊಂಡ ನೆನಪಿದೆಯಾ? ನಾಲ್ಕು ತೊಟ್ಟು ರಕ್ತ ಕಂಡು ಮದುಮಗ ಹಸೆಯ ಮೇಲೇ ಒರಗಿಬಿಟ್ಟ. ನಾವೆಲ್ಲ ಆವತ್ತು ನಕ್ಕೆವು. ಹೆಂಡತಿಯ ಕುತ್ತಿಗೆ ಹಿಸುಕುವವನಿಗೆ ರಕ್ತ ಕಂಡರೆ ಆಗದು. ಅದಕ್ಕೇ ರಕ್ತ ಬರದ ಹಾಗೆ ಹೊಡೆಯುವುದನ್ನು ಕಲಿತಿದ್ದಾನೆ.

ಪಿಚ್ಚರಿನ ಹೆಸರು ಪ್ಲಮ್ ಹಾಲೋ. ಒಟ್ಟು ಆರು ಭಾಗ, ನಾನು ಹನ್ನೊಂದು ಸಲ ನೋಡಿದ್ದೇನೆ. ಈ ಕಣಿವೆಗೆ ಕಂಪ್ಯೂಟರ್ ಚಿಪ್ಪಿನ ಕಂಪನಿಗಳು ಬರುವ ಮುಂಚೆ ಪ್ಲಮ್ ಹಣ್ಣಿನ ತೋಟಗಳಿದ್ದವಲ್ಲ, ಅಂಥದೊಂದು ತೋಟದಲ್ಲಿ ಜೇನು ಸಾಕುವವನೇ ಕೊಲೆಗಾರ. ಮುಖಕ್ಕೆ ಜೇನಿನ ಬಲೆ, ಕೈಯಲ್ಲಿ ಕೊಂಬೆ ಸವರುವ ಕೊಕ್ಕೆಗತ್ತಿ. ನಾನು ಅವನಿಗೆ ಮುಸುಕಪ್ಪ ಅಂತ ಹೆಸರಿಟ್ಟಿದ್ದೇನೆ. ಮೊದಲನೆಯದರಲ್ಲಿ ಏಣಿಯ ಮೇಲಿದ್ದವನನ್ನು ಒಂದೊಂದು ಮೆಟ್ಟಿಲು ಇಳಿದ ಹಾಗೆಲ್ಲ ಒಂದೊಂದು ಗೇಣು ಕೊಯ್ಯುತ್ತಾನೆ, ಹಿಮ್ಮಡಿ, ಮೀನಖಂಡ, ಮೊಣಕಾಲು. ಎರಡನೆಯದರಲ್ಲಿ ಬಾಯಿಗೆ ಜೇನು ಸುರಿದು ಹುಳು ಬಿಡುತ್ತಾನೆ. ಮೂರನೆಯದು ಅವನ ತಾಯಿಯ ಕಥೆ. ನಾಲ್ಕನೆಯದರಲ್ಲಿ ಅವನು ಹಣ್ಣು ಒಣಗಿಸುವ ಬಿಸಿಕೋಣೆಯೊಳಗಿಂದ ಮಗುವಿನ ಹಾಗೆ ಅಳುತ್ತಾನೆ. ಡೋನಾ ಎಂಬ ಹುಡುಗಿ ಅಯ್ಯೋ ಪಾಪ ಅಂತ ಅಗುಳಿ ತೆಗೆಯುತ್ತಾಳೆ, ತೆಗೆದ ಕೈಯನ್ನೇ ಮಣಿಕಟ್ಟಿಗೆ ಕತ್ತರಿಸುತ್ತಾನೆ. ಐದು ಹೆಚ್ಚಿಲ್ಲ. ಆರನೆಯದರಲ್ಲಿ ಅದೇ ಡೋನಾ ಅವನನ್ನು ಬಿಸಿಕೋಣೆಗೆ ನೂಕಿ ಎರಡೂ ಕೈಯಿಂದ ಅಗುಳಿ ಜಡಿಯುತ್ತಾಳೆ. ಶುಭಂ. ನಾಲ್ಕರಲ್ಲಿ ಹೋದ ಕೈ ಆರರಲ್ಲಿ ಹೇಗೆ ಬಂತು ಅಂತ ಕೇಳಬೇಡ. ಇಲ್ಲಿನ ಡಾಕ್ಟರುಗಳು ಅಂಥವರು.

ಈಗ ಕಿವಿಗೊಟ್ಟು ಕೇಳು. ಆರೂ ಟೇಪು ನಿನ್ನ ಹತ್ತಿರ ಇರಲಿ. ಶನಿವಾರಕ್ಕೊಂದರಂತೆ ಮೈಥಿಲಿಯ ಕೈಯಲ್ಲಿ ವಾಪಸು ಕಳಿಸು. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು ಹೀಗೆ ವರಸೆಯಾಗಿ ಬಂದರೆ ನೀನು ಸುಖವಾಗಿದ್ದೀ ಎಂದು ತಿಳಿಯುತ್ತೇನೆ. ಇನ್ನು ತಡೆಯಲಾರೆ ಅನ್ನಿಸಿದ ದಿನ ವರಸೆ ತಪ್ಪಿಸಿ ಯಾವುದನ್ನಾದರೂ ಕಳಿಸು. ಅರ್ಧ ಗಂಟೆಯಲ್ಲಿ ಸೇಠುವಿನ ಡೆಲಿವರಿ ವ್ಯಾನು ನಿಮ್ಮ ಬಾಗಿಲಲ್ಲಿರುತ್ತದೆ. ಕಾಗದದಲ್ಲಿ ನೀನು ಏನು ಬರೆದರೂ ನಂಬುವುದಿಲ್ಲ, ಪಕ್ಕದಲ್ಲಿ ನಿಂತು ಯಾರು ಬರೆಸಿದರೋ. ನನಗೆ ಟೇಪಿನ ವರಸೆಯೇ ಪ್ರಮಾಣ.

ಡಬ್ಬಿಯ ಬೆನ್ನಿನ ಮೇಲೆ ಗಡಿಯಾರದ ಅಂಕಿಗಳಿವೆ. ಅವನ್ನು ಓದುವುದಕ್ಕೆ ನಿನಗೆ ಬಿ.ಎಸ್ಸಿ. ಬೇಕಾಯಿತು, ನನಗೆ ಬೇಕಾಗಲಿಲ್ಲ. ನಮ್ಮೂರ ಮಿಡ್ಲ್ ಸ್ಕೂಲಿನ ಗೋಡೆ ಗಡಿಯಾರಕ್ಕೆ ಐದು ವರ್ಷ ಕೀ ಕೊಟ್ಟವನು ನಾನು. ಸ್ಟೂಲು ಹತ್ತಿ ಆ ಅಂಕಿಗಳನ್ನು ಅಷ್ಟು ಹತ್ತಿರದಿಂದ ಕಂಡವರು ಇಡೀ ತಾಲ್ಲೂಕಿನಲ್ಲಿಲ್ಲ. ಸಿದ್ರಾಮಪ್ಪ ಮೇಷ್ಟ್ರೇ, "ಟೈಮ್ ಎಷ್ಟಾತೋ ಶಿವರಾಮ" ಅಂತ ನನ್ನನ್ನು ಕೇಳುತ್ತಿದ್ದರು.

ಕಾಗದವನ್ನು ಅಕ್ಕಿ ಡಬ್ಬದ ತಳಕ್ಕೆ ಹಾಕು.

ಮುಸುಕಿಲ್ಲದ ನಿನ್ನ ಮಾವ,
ಶಿವರಾಮು


ಯೂನಿಯನ್ ಸಿಟಿ
೭ ಫೆಬ್ರವರಿ ೧೯೮೭

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಮೊದಲನೆಯ ಟೇಪು ಕಳಿಸಿದ್ದೇನೆ. ನಾನು ಚೆನ್ನಾಗಿದ್ದೇನೆ. ನೀವು ಸುಮ್ಮನೆ ಏನೇನೋ ಊಹಿಸಿಕೊಂಡಿದ್ದೀರಿ. ಅವರಿಗೆ ಆಫೀಸಿನಲ್ಲಿ ಕೆಲಸ ಹೆಚ್ಚು, ಪ್ರಾಜೆಕ್ಟು ಹಿಂದೆ ಬಿದ್ದಿದೆ, ಸ್ವಲ್ಪ ಕೋಪ ಬರುತ್ತದೆ. ಎಲ್ಲರ ಮನೆಯಲ್ಲೂ ಇರುವುದೇ.

ಮುಸುಕಪ್ಪನನ್ನು ಮಧ್ಯಾಹ್ನ ನೋಡಿದೆ. ರಕ್ತ ನೋಡಿದರೆ ಜಾಮೂನಿನ ಪಾಕಕ್ಕೆ ಕುಂಕುಮ ಕಲಸಿದ ಹಾಗಿದೆ. ಸತ್ತವರು ಎಂಟು ಜನ ಅಂತ ನನಗೆ ಮೈಥಿಲಿ ಹೇಳಿದ್ದಳು, ನಾನು ಎಣಿಸಿದರೆ ಒಂಬತ್ತು. ಅವಳು ನಾಯಿಯನ್ನು ಬಿಟ್ಟಿದ್ದಾಳೆ. ಡಬ್ಬಿಯ ಮೇಲಿನ ಚಿತ್ರ ಕಂಡು ಅವರು ಮುಖ ತಿರುಗಿಸಿ, "ಎಂಥಾ ದರಿದ್ರ ಟೇಸ್ಟೇ ನಿಂದು, ಅದನ್ನ ಮೊದ್ಲು ಮುಚ್ಚಿಡು" ಅಂದರು. ನೀವು ಹೇಳಿದ್ದು ನಿಜ, ಮುಟ್ಟಲಿಲ್ಲ.

ಮಾವ, ಎಂಬತ್ತೆರಡನೇ ಇಸವಿಗೆ ಮುಂಚೆ ಬಂದು ಕಾಗದಪತ್ರವಿಲ್ಲದೆ ಉಳಿದವರಿಗೆ ಸರ್ಕಾರ ಕ್ಷಮೆ ಕೊಡುತ್ತದಂತೆ, ಮೇ ತಿಂಗಳಿಂದ ಅರ್ಜಿ ತೆಗೆದುಕೊಳ್ಳುತ್ತಾರಂತೆ. ನೀವು ಡಾಕ್ಟರ ಮನೆಯ ಅಡುಗೆಗೆ ಅಂತ ಬಂದದ್ದು ಎಪ್ಪತ್ತೊಂಬತ್ತರಲ್ಲಿ. ಆದರೆ ತಮ್ಮ ಮೇಲೆ ಪೊಲೀಸ್ ಕೇಸು ಇದ್ದವರಿಗೆ ಕಷ್ಟವಂತೆ. ಅಲ್ಲಿಯವರೆಗೆ ದಯವಿಟ್ಟು ಯಾರ ಮೇಲೂ ಕೈ ಮಾಡಬೇಡಿ.

ಇಂತಿ,
ಶೈಲಜಾ


ಸಾಂಟಾ ಕ್ಲಾರಾ
೧೪ ಫೆಬ್ರವರಿ ೧೯೮೭

ಶೈಲೂ,

ಎರಡನೆಯದೂ ಬಂತು. ವರಸೆ ಸರಿಯಾಗಿದೆ. ನಂಬಿದ್ದೇನೆ.

ನನ್ನ ಕಾಗದಪತ್ರದ ಚಿಂತೆ ನಿನಗೆ ಬೇಡ. ನಾನು ಕೈ ಮಾಡಿದವನಲ್ಲ ಅಂದುಕೊಂಡೆಯಾ? ನಿಮ್ಮಮ್ಮನ ಚಿಕ್ಕಪ್ಪನ ಮಗಳು ಸಣ್ಣತಾಯಮ್ಮ ಇದ್ದಳಲ್ಲ, ನೀನಾಗ ತೊಟ್ಟಿಲ ಕೂಸು. ಅವಳ ಗಂಡ ಎತ್ತು ಹೊಡೆಯುವ ಬಾರುಕೋಲಿನಿಂದಲೇ ಅವಳನ್ನೂ ಹೊಡೆಯುತ್ತಿದ್ದ. ಒಂದು ದಿನ ಬಾರುಕೋಲಿನ ಮೊಳೆ ಬೆನ್ನಿನಲ್ಲೇ ಉಳಿದಿತ್ತು, ನಾನೇ ಇಕ್ಕಳ ಹಾಕಿ ಕಿತ್ತೆ. ಆಮೇಲೆ ಅವನನ್ನು ಹಿಂದಿನಿಂದ ತಬ್ಬಿ ಎತ್ತಿ, ರಾಗಿ ತುಂಬುವ ಖಾಲಿ ಹಗೇವಿನೊಳಕ್ಕೆ ಇಳಿಬಿಟ್ಟು ಬಾಯಿಗೆ ಚಪ್ಪಡಿ ಎಳೆದೆ. ಆಳುದ್ದ ನೆಲದೊಳಗೆ, ಕತ್ತಲು. ಮೂರು ಜನ ಎಳೆಯುವ ಚಪ್ಪಡಿಯನ್ನು ನಾನೊಬ್ಬನೇ ಎಳೆದೆ. ಅವನು ಕೂಗಿದ ಕೂಗಿಗೆ ಊರ ನಾಯಿಗಳೆಲ್ಲ ಸುತ್ತ ಸೇರಿದವು. "ಅಣ್ಣಯ್ಯ, ಇನ್ ವೊಡೆಯಾಕಿಲ್ಲ, ಎತ್ತು ಅಣ್ಣಯ್ಯ" ಅಂತ ಎರಡು ಗಂಟೆ. ನಾನು ಮೇಲೆ ಕೂತು ಕಡಲೆಕಾಯಿ ತಿಂದೆ.

ಆಮೇಲಿನದು ಈ ಕಾಗದಕ್ಕೆ ಬೇಡ.

ಡೋನಾ ಬರುವ ಭಾಗಕ್ಕೆ ಕಾದಿರು. ಕೈ ಕತ್ತರಿಸುವಾಗ ಕಣ್ಣು ಮುಚ್ಚಬೇಡ, ಅಲ್ಲೇ ಇರುವುದು ಮಜಾ.

ನಿನ್ನ ಮಾವ,
ಶಿವರಾಮು


ಯೂನಿಯನ್ ಸಿಟಿ
೨೧ ಫೆಬ್ರವರಿ ೧೯೮೭

ಮಾವನವರಿಗೆ,

ಮೂರನೆಯದು ಇದರೊಂದಿಗಿದೆ. ಅಕ್ಷರ ಸೊಟ್ಟಗಿದೆ ಅಂತ ಬೈಯಬೇಡಿ, ಬಲಗೈ ಸ್ವಲ್ಪ ಉಳುಕಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಲಾಂಡ್ರಿ ರೂಮಿನ ಮೆಟ್ಟಿಲಲ್ಲಿ ಜಾರಿದೆ.

ಮುಸುಕಪ್ಪನ ತಾಯಿ ಅವನನ್ನು ಜೇನುಗೂಡಿನ ಪೆಟ್ಟಿಗೆಗೆ ಕೈ ಹಾಕಿಸಿ ನಿಲ್ಲಿಸುತ್ತಿದ್ದಳು ಎಂದು ಇದರಲ್ಲಿ ತೋರಿಸುತ್ತಾರೆ. ಪಾಪ ಅನ್ನಿಸಿತು. ಅನ್ನಿಸಬಾರದೋ ಏನೋ. ನಮ್ಮ ಮನೆಯವರನ್ನೂ ಅವರ ತಂದೆ ಚಿಕ್ಕಂದಿನಲ್ಲಿ ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದರಂತೆ. ಒಂದು ದಿನ ತಾವಾಗಿಯೇ ಹೇಳಿಕೊಂಡು ಬಹಳ ಹೊತ್ತು ಅತ್ತರು.

ಈಗೀಗ ಅವರೂ ಶನಿವಾರ ಪಿಚ್ಚರು ಹಾಕು ಅನ್ನುತ್ತಾರೆ. ನೋಡುವುದಿಲ್ಲ. ಟಿ.ವಿ.ಗೆ ಬೆನ್ನು ಮಾಡಿರುತ್ತಾರೆ. ಸೌಂಡು ಜಾಸ್ತಿ ಇಡುತ್ತಾರೆ.

ಸಣ್ಣತಾಯಮ್ಮನ ಕಥೆಯಲ್ಲಿ ಚಪ್ಪಡಿ ತೆಗೆದದ್ದು ಯಾರು?

ಶೈಲಜಾ


ಯೂನಿಯನ್ ಸಿಟಿ
೨೮ ಫೆಬ್ರವರಿ ೧೯೮೭

ಮಾವ,

ಟೇಪು ಕಳಿಸಿದ್ದೇನೆ. ಎಲ್ಲವೂ ಚೆನ್ನಾಗಿದೆ. ಸಮಯವಿಲ್ಲ.

ಶೈ.


ಲಾಕಪ್ಪಿನಿಂದ
೩ ಮಾರ್ಚ್ ೧೯೮೭

ಶೈಲೂ,

ಕಾಗದ, ಪೆನ್ಸಿಲು ಎರಡನ್ನೂ ಇಲ್ಲಿ ಕೇಳಿದ ಕೂಡಲೇ ಕೊಟ್ಟರು. ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಉಪ್ಪಿಲ್ಲ. ಎಡ ಮೊಣಕೈಗೆ ಹತ್ತೊಂಬತ್ತು ಹೊಲಿಗೆ. ಹಾಕುವಾಗ ನಾನು ಅಯ್ಯೋ ಅನ್ನಲಿಲ್ಲ, ನರ್ಸಮ್ಮ ಬೆರಗಾದಳು.

ಶನಿವಾರ ಮೈಥಿಲಿ ಬಂದಾಗ ಬೆಳಿಗ್ಗೆ ಹನ್ನೊಂದು. ನಾನು ಬೆಂಡೆಕಾಯಿ ತೂಗುತ್ತಿದ್ದೆ. ಟೇಪು ನೋಡಿದೆ. ಮೂರಾದ ಮೇಲೆ ಬಂದಿರುವುದು ಆರು. ಬೆಂಡೆಕಾಯಿ ತಕ್ಕಡಿಯಲ್ಲೇ ಉಳಿಯಿತು. ಆ ಹುಡುಗಿಯನ್ನು ವ್ಯಾನಿಗೆ ಹತ್ತಿಸಿಕೊಂಡು ಫ್ರೀವೇ ಹಿಡಿದೆ. ಹಿಂದೆ ಅಕ್ಕಿ ಮೂಟೆಗಳು ಆಚೆ ಈಚೆ ಉರುಳುತ್ತಿದ್ದವು. ಅವಳು ದಾರಿಯುದ್ದಕ್ಕೂ, "ಅಂಕಲ್, ಅವ್ಳು ಚೆನ್ನಾಗೇ ಇದ್ದಾಳೆ, ಬೆಳಿಗ್ಗೆ ನಾನೇ ನೋಡಿದೀನಿ, ಸ್ಲೋ ಮಾಡಿ" ಅಂತ ಡ್ಯಾಶ್‌ಬೋರ್ಡು ಹಿಡಿದು ಕೂತಿದ್ದಳು.

ನಿಮ್ಮ ಬಾಗಿಲಿಗೆ ಬಂದರೆ ಒಳಗೆ ಪ್ಲಮ್ ಹಾಲೋ ಐದನೇ ಭಾಗದ ಪಿಟೀಲು, ಕಿವಿ ಹರಿಯುವ ಹಾಗೆ. ಅದರ ಮಧ್ಯೆ ಹೆಣ್ಣಿನ ಕಿರುಚಾಟ. ಮೈಥಿಲಿ, "ನೋಡಿದ್ರಾ, ಪಿಚ್ಚರ್ ಅಂಕಲ್ ಅದು. ಪ್ರತಿ ಶನಿವಾರ ಹಾಕ್ತಾರೆ. ಮೇಲ್ಗಡೆ ನಮಗೂ ಕೇಳ್ಸುತ್ತೆ" ಅಂದಳು. ನಾನು ಹನ್ನೊಂದು ಸಲ ನೋಡಿದ್ದೇನೆ ಕಣವ್ವ. ಆ ಪಿಟೀಲಿನ ಜಾಗದಲ್ಲಿ ಮುಸುಕಪ್ಪ ಒಬ್ಬನೇ ಮಂಜಿನಲ್ಲಿ ನಡೆದು ಬರುತ್ತಾನೆ. ಅಲ್ಲಿ ಯಾರೂ ಕಿರುಚುವುದಿಲ್ಲ.

ಅಡುಗೆಮನೆಯ ಕಿಟಕಿಗೆ ಹೋದೆ. ಎಲೆಕ್ಟ್ರಿಕ್ ಒಲೆಯ ಸುರುಳಿ ಕೆಂಪಗಿತ್ತು. ನಿನ್ನ ಬಲಗೈ ಅದರ ಮೇಲಿತ್ತು. ಅವನ ಕೈ ನಿನ್ನ ಕೈಯ ಮೇಲಿತ್ತು. ಅವನು ನಿನ್ನನ್ನು ನೋಡುತ್ತಿರಲಿಲ್ಲ, ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ.

ಮುಂದಿನದನ್ನು ಪೊಲೀಸರಿಗೆ ಹೇಳಿದ ಹಾಗೆಯೇ ಬರೆಯುತ್ತೇನೆ. ಟೈರು ಬಿಚ್ಚುವ ರಾಡಿನಿಂದ ಗಾಜು ಒಡೆದೆ, ಒಂದೇ ನೆಗೆತಕ್ಕೆ ಒಳಗಿದ್ದೆ. ಮೊದಲ ಏಟು ಭುಜಕ್ಕೆ. ಎರಡನೆಯದು ಮಣಿಕಟ್ಟಿಗೆ, ಕಬ್ಬು ಮುರಿದ ಶಬ್ದ. ಮೂರನೆಯದು ತಲೆಗೆ, ಮರದ ದಿಮ್ಮಿಯ ಹಾಗೆ ಉರುಳಿದ. ಪೊಲೀಸಪ್ಪ "ಯಾರು ಹೊಡೆದದ್ದು" ಅಂದಾಗ ಎದೆ ತಟ್ಟಿ, "ಐ ಬೀಟ್. ಫುಲ್ ಬೀಟ್. ಓನ್ಲಿ ಐ" ಅಂದೆ. ಬರೆದುಕೊಂಡ. ಸಹಿಯನ್ನೂ ಇಂಗ್ಲಿಷಿನಲ್ಲೇ ಮಾಡಿದೆ. ನಿನ್ನ ಗಂಡ ಆಸ್ಪತ್ರೆಯಲ್ಲಿ ಎದ್ದು ಕೂತು, ಯಾರೋ ಹುಚ್ಚ ಮನೆಗೆ ನುಗ್ಗಿ ಹೊಡೆದ, ಹೆಂಡತಿಯ ಕೈ ಆ ಗಲಾಟೆಯಲ್ಲಿ ಸುಟ್ಟಿತು ಅಂತ ಹೇಳಿಕೆ ಕೊಟ್ಟಿದ್ದಾನಂತೆ. ಕೊಡಲಿ.

ನೀನು ಆರನ್ನು ಕಳಿಸಿದೆ, ನಾನು ಬಂದೆ. ಮಾತೆಂದರೆ ಹಾಗಿರಬೇಕು.

ಮಾವ,
ಶಿವರಾಮು


ಸನ್ನಿವೇಲ್
೭ ಮಾರ್ಚ್ ೧೯೮೭

ಮಾವ,

ನಾನು ಈಗ ಮೈಥಿಲಿಯ ಪರಿಚಯದ ಸತ್ಯವತಮ್ಮ ಎಂಬುವರ ಮನೆಯಲ್ಲಿದ್ದೇನೆ. ಅವರು ಮನೆಯಲ್ಲೇ ಡೇಕೇರ್ ನಡೆಸುತ್ತಾರೆ. ಬರೆಯುತ್ತಿರುವುದು ಎಡಗೈ, ಇನ್ನು ಎರಡು ತಿಂಗಳು ಹೀಗೇ.

ಎರಡು ವಿಷಯ ಹೇಳಬೇಕು. ಎರಡಕ್ಕೂ ನಿಮಗೆ ಬೇಸರವಾಗುತ್ತದೆ.

ಮೊದಲನೆಯದು. ನೀವು ಅವರನ್ನು ಹೊಡೆಯಲೇ ಇಲ್ಲ. ರಾಡು ಗಾಜು ಒಡೆದ ಮೇಲೆ ನಿಮ್ಮ ಕೈಯಿಂದ ಜಾರಿ ಹೊರಗಡೆ ಹುಲ್ಲಿನಲ್ಲೇ ಬಿತ್ತು, ಪೊಲೀಸರಿಗೆ ಸಿಕ್ಕಿದ್ದೂ ಅಲ್ಲೇ. ನೀವು ನೆಗೆಯಲಿಲ್ಲ, ಕಿಟಕಿಯಲ್ಲಿ ಸಿಕ್ಕಿಕೊಂಡಿರಿ. ಅರ್ಧ ಒಳಗೆ ಅರ್ಧ ಹೊರಗೆ ನೇತಾಡುತ್ತಾ ಮೊಣಕೈ ಸೀಳಿಕೊಂಡಿರಿ. ನಲ್ಲಿ ಬಿಟ್ಟ ಹಾಗೆ ರಕ್ತ ಬಂತು, ಅವರ ಬಿಳಿ ಶರ್ಟಿನ ಮೇಲೆ, ಮುಖದ ಮೇಲೆ, ಬಾಯಿಗೆ. ಅವರು ನನ್ನ ಕೈ ಬಿಟ್ಟು ತಮ್ಮ ಕೈ ನೋಡಿಕೊಂಡರು. ಹಾಗೇ ಹಿಂದಕ್ಕೆ ಬಿದ್ದರು. ಭುಜ ಒಲೆಯ ಕಟ್ಟೆಗೆ, ತಲೆ ಫ್ರಿಜ್ಜಿನ ಅಂಚಿಗೆ ಬಡಿಯಿತು, ಮಣಿಕಟ್ಟು ಮೈಕೆಳಗೆ ಸಿಕ್ಕಿ ಮುರಿಯಿತು. ಮಾಡದ ಏಟಿಗೆ ನೀವು ಸಹಿ ಹಾಕಿದ್ದೀರಿ.

ಎರಡನೆಯದು. ನಾನು ವರಸೆ ತಪ್ಪಿಸಿರಲಿಲ್ಲ. ಮೂರಾದ ಮೇಲೆ ನಾಲ್ಕನ್ನೇ ಕಳಿಸಿದ್ದೆ.

ಡಬ್ಬಿಯ ಮೇಲಿರುವುದು ರೋಮನ್ ಅಂಕಿ, ಕವಲು ಅಂದರೆ ಐದು, ಕಡ್ಡಿ ಅಂದರೆ ಒಂದು. ಕವಲಿನ ಮುಂದೆ, ಅಂದರೆ ಎಡಗಡೆ, ಕಡ್ಡಿ ಇದೆಯಲ್ಲ, ಅದು ಐದಕ್ಕೆ ಒಂದು ಕಡಿಮೆ, ನಾಲ್ಕು. ಕವಲಿನ ಹಿಂದೆ ಕಡ್ಡಿ ಬಂದರೆ ಆರು. ನಮ್ಮ ಸ್ಕೂಲಿನ ಗಡಿಯಾರವನ್ನು ನಾನೂ ನೋಡಿದ್ದೇನೆ. ಅದರಲ್ಲಿ ನಾಲ್ಕಕ್ಕೆ ನಾಲ್ಕು ಕಡ್ಡಿ ಬರೆದಿದ್ದರು. ಆರು ಕೆಳಗಡೆ ಇರುವುದರಿಂದ ತಲೆಕೆಳಗಾಗಿ ನಿಂತಿರುತ್ತದೆ, ಕಡ್ಡಿ ಮೊದಲು, ಕವಲು ಆಮೇಲೆ ಕಾಣುತ್ತದೆ. ನೀವು 'ಆರು' ಅಂತ ಕಲಿತದ್ದು ಬೋರಲು ಬಿದ್ದ ಆರನ್ನು. ಹನ್ನೊಂದು ಸಲವೂ ಪಿಚ್ಚರನ್ನು ತಪ್ಪು ವರಸೆಯಲ್ಲಿ ನೋಡಿದ್ದೀರಿ. ಡೋನಾ ಮೊದಲು ಅವನನ್ನು ಕೋಣೆಗೆ ನೂಕಿ ಅಗುಳಿ ಹಾಕುತ್ತಾಳೆ. ಕೊನೆಯ ಭಾಗದಲ್ಲಿ ಅವನು ಅತ್ತದ್ದಕ್ಕೆ ಅಗುಳಿ ತೆಗೆಯುತ್ತಾಳೆ. ಕೈ ಆಗ ಹೋಗುತ್ತದೆ, ಹೋದ ಮೇಲೆ ಬರುವುದಿಲ್ಲ.

ನಾಲ್ಕು ಶನಿವಾರವೂ ನಾನು ವರಸೆಯಾಗಿಯೇ ಕಳಿಸಿದೆ. ಮೊದಲನೆಯ ವಾರ ಪಕ್ಕೆಲುಬು. ಎರಡನೆಯ ವಾರ ಕಿವಿಯ ಮೇಲೆ, ಈಗಲೂ ಬಲಗಿವಿಯಲ್ಲಿ ದುಂಬಿಯ ಸದ್ದಿದೆ. ಮೂರನೆಯ ವಾರ ಬೆರಳನ್ನು ಹಿಂದಕ್ಕೆ ಮಡಿಚಿದರು. ಪಿಚ್ಚರು ಹಾಕುತ್ತಿದ್ದದ್ದು ನನ್ನ ಕೂಗು ಅದರಲ್ಲಿ ಸೇರಿಹೋಗಲಿ ಅಂತ. ನೀವು ಪ್ರೀತಿಯಿಂದ ಕಳಿಸಿದ ಟೇಪನ್ನು ಅವರು ಅದಕ್ಕೆ ಬಳಸಿದರು. ಮೇಲ್ಗಡೆ ಮೈಥಿಲಿ ಕೇಳಿಸಿಕೊಂಡು ಪಿಚ್ಚರು ಅಂದುಕೊಂಡಳು. ನಿಮ್ಮನ್ನು ಕರೆದರೆ ನೀವು ಹೊಡೆಯುತ್ತೀರಿ, ಕೇಸಾಗುತ್ತದೆ, ಊರಿಗೆ ಅಟ್ಟುತ್ತಾರೆ ಎಂದು ನಾನು ಸುಮ್ಮನಿದ್ದೆ. ಐದನ್ನೂ ಕಳಿಸುತ್ತಿದ್ದೆ, ಆರನ್ನೂ ಕಳಿಸುತ್ತಿದ್ದೆ. ನಿಮ್ಮನ್ನು ಯಾವತ್ತೂ ಕರೆಯುತ್ತಿರಲಿಲ್ಲ ಮಾವ. ನಿಮಗೆ ಅಂಕಿ ಸರಿಯಾಗಿ ಬಂದಿದ್ದರೆ ನೀವು ಬೆಂಡೆಕಾಯಿ ತೂಗುತ್ತಲೇ ಇರುತ್ತಿದ್ದಿರಿ.

ಆಸ್ಪತ್ರೆಯಲ್ಲಿ ಡಾಕ್ಟರಿಗೂ ನಾನು ಅಡುಗೆ ಮಾಡುವಾಗ ಸುಟ್ಟಿತು ಅಂದಿದ್ದೆ. ಸೋಮವಾರ ಮೈಥಿಲಿಯ ಜೊತೆ ಪೊಲೀಸ್ ಆಫೀಸಿಗೆ ಹೋಗಿ ಕಟ್ಟು ಬಿಚ್ಚಿ ತೋರಿಸುತ್ತೇನೆ. ಒಲೆಯ ಸುರುಳಿ ಅಂಗೈಯಲ್ಲಿ ಹಾಗೇ ಅಚ್ಚಾಗಿದೆ, ಮೂರು ಸುತ್ತು. ಎಡವಿ ಕೈ ಊರಿದವರಿಗೆ ಮೂರು ಸುತ್ತು ಬೀಳುವುದಿಲ್ಲ. ಪಕ್ಕೆಲುಬನ್ನೂ ತೋರಿಸುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಇನ್ನೇನಕ್ಕೂ ಸಹಿ ಹಾಕಬೇಡಿ.

ಶೈಲಜಾ


ಸಾಂಟಾ ಕ್ಲಾರಾ
೨೨ ಮಾರ್ಚ್ ೧೯೮೭

ಶೈಲೂ,

ಬಿಟ್ಟರು. ಕೇಸು ಇಲ್ಲ ಅಂತ ಕಾಗದವನ್ನೇ ಕೊಟ್ಟಿದ್ದಾರೆ, ಸೇಠು ಓದಿ ಹೇಳಿದ. ಆದರೆ ನೀನು ಹೇಳಿಕೆ ಕೊಟ್ಟ ಮಾರನೆಯ ದಿನ ಅದೇ ಪೊಲೀಸಪ್ಪ ಕಂಬಿಯ ಹತ್ತಿರ ಬಂದು ನಗುತ್ತಾ, "ಯೂ ನೋ ಬೀಟ್" ಅಂದ. ಅಲ್ಲಿಯವರೆಗೆ ಒಳಗಿದ್ದವರೆಲ್ಲ ನನಗೆ ಜಾಗ ಬಿಡುತ್ತಿದ್ದರು. ಆಮೇಲೆ ಯಾರೂ ಬಿಡಲಿಲ್ಲ.

ಗಡಿಯಾರದ ವಿಷಯ. ಅಕ್ಕಿ ಮೂಟೆಯ ರಟ್ಟಿನ ಮೇಲೆ ಬರೆದು ತಿರುಗಿಸಿ ನೋಡಿದೆ. ನೀನು ಹೇಳಿದ್ದು ನಿಜ. ಸಿದ್ರಾಮಪ್ಪ ಮೇಷ್ಟ್ರು ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು. ಆದರೂ ಟೈಮು ಯಾವತ್ತೂ ತಪ್ಪು ಹೇಳಿದವನಲ್ಲ ನಾನು, ಅದನ್ನು ಮರೆಯಬೇಡ.

ಮೂರನೆಯ ಟೇಪಿನ ಜೊತೆ ನೀನು ಒಂದು ಮಾತು ಕೇಳಿದ್ದೆ. ಚಪ್ಪಡಿ ತೆಗೆದದ್ದು ಯಾರು ಅಂತ. ಸಣ್ಣತಾಯಮ್ಮನೇ. ನಾನು ಕಡಲೆಕಾಯಿ ಮುಗಿಸಿ ನೀರು ಕುಡಿಯಲು ಹೋಗಿದ್ದೆ. ಅವನು ಒಳಗೆ ಮಗುವಿನ ಹಾಗೆ ಅಳುತ್ತಿದ್ದ. ಮೂರು ಜನ ಎಳೆಯುವ ಚಪ್ಪಡಿ ಅಂದೆನಲ್ಲ, ಅದನ್ನು ಅವಳು ಒಬ್ಬಳೇ ಎಳೆದಳು. ನಾನು ಎಳೆದಾಗ ಇಬ್ಬರು ಜೊತೆಗಿದ್ದರು, ಈಗ ಹೇಳಿಬಿಡುತ್ತೇನೆ. ಆಮೇಲೆ ಮೂರು ತಿಂಗಳು ಅವನು ಹೂವು ತಂದುಕೊಟ್ಟ. ನಾಲ್ಕನೇ ತಿಂಗಳು ಬಾವಿಯ ಮೆಟ್ಟಿಲಲ್ಲಿ ತಲೆ ಒಡೆದು ಅವಳ ಹೆಣ ಸಿಕ್ಕಿತು, ಜಾರಿ ಬಿದ್ದಳು ಅಂದ. ಎತ್ತಿದವರಲ್ಲಿ ನಾನೂ ಒಬ್ಬ. ಹಣೆಯ ಮೂಳೆ ಒಳಕ್ಕೆ ಹೋಗಿತ್ತು. ಒಂದು ಮೆಟ್ಟಿಲಿಗೆ ಅಷ್ಟು ಸಲ ಬೀಳಲು ಆಗುವುದಿಲ್ಲ. ನಾನು ಅವಳಿಗೆ ಚಪ್ಪಡಿಯ ಹತ್ತಿರ ಕೂರಬೇಡ ಅಂತ ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷವಾಯಿತು.

ನಿನ್ನ ಗಂಡ ನಿನ್ನೆ ಅಂಗಡಿಗೆ ಬಂದಿದ್ದ. ಕೈಗೆ ಪ್ಲಾಸ್ಟರು. ಕೋರ್ಟಿನ ತಾರೀಕು ಬರುವವರೆಗೆ ಜಾಮೀನಿನ ಮೇಲೆ ಹೊರಗಿದ್ದಾನಂತೆ. ಜೊತೆಗೆ ಕನ್ನಡ ಕೂಟದ ನಂಜುಂಡಸ್ವಾಮಿ. "ಶಿವರಾಮು, ಹುಡುಗ ಪಶ್ಚಾತ್ತಾಪ ಪಡ್ತಾ ಇದಾನೆ ಕಣ್ರಿ. ಯುಗಾದಿಗೆ ಒಂದು ಮಾಡ್ಸೋಣ. ಗಂಡ ಹೆಂಡ್ತಿ ವಿಷ್ಯ, ಕೋರ್ಟು ಯಾಕೆ" ಅಂದರು. ಅವನು ಬೇಳೆ ಮೂಟೆಯ ಮೇಲೆ ಕೂತು ಅತ್ತ. ಚೆನ್ನಾಗಿ ಅತ್ತ. ನಿನ್ನ ವಿಳಾಸ ನಾನು ಕೊಡಲಿಲ್ಲ. ಆದರೆ ಕೂಟದವರಿಗೆ ಸತ್ಯವತಮ್ಮ ಗೊತ್ತು. ನಿಮ್ಮಮ್ಮನೂ ಹೊಂದಿಕೊಂಡು ಹೋಗಲಿ ಅಂತ ಬರೆಸಿದ್ದಾಳೆ, ಕಾಗದ ಇದರೊಳಗಿದೆ.

ನಾನು ಏನೂ ಹೇಳುವುದಿಲ್ಲ. ಚಪ್ಪಡಿಯ ಮೇಲೆ ಕೊನೆಯವರೆಗೂ ಕೂತು ಕಾಯುವವನು ನಾನಲ್ಲ ಎಂದು ಒಂದು ಸಲ ಗೊತ್ತಾಗಿದೆ. ಅಗುಳಿ ನಿನ್ನ ಕಡೆ ಇದೆ.

ಮಾವ,
ಶಿವರಾಮು


ಸನ್ನಿವೇಲ್
೧ ಏಪ್ರಿಲ್ ೧೯೮೭

ಪ್ರೀತಿಯ ಮಾವನಿಗೆ,

ಯುಗಾದಿಯ ದಿನ ಹನುಮಂತರಾಜು ಬಂದಿದ್ದ.

ಸತ್ಯವತಮ್ಮ ಅಂಗಡಿಗೆ ಹೋಗಿದ್ದರು. ನಾನು ಮಕ್ಕಳಿಗೆ ಬೇವು ಬೆಲ್ಲ ಕೊಡುತ್ತಿದ್ದೆ. ಬೇವು ಇಲ್ಲಿ ಸಿಗದು, ಮೆಂತ್ಯದ ಎಲೆ ಹಾಕಿದ್ದೆ, ಮಕ್ಕಳು ಉಗುಳಿ ನಗುತ್ತಿದ್ದವು. ಬಾಗಿಲು ತಟ್ಟಿದ ಶಬ್ದ. ಬಾಗಿಲಿನ ಗುಂಡುಗಾಜಿನಲ್ಲಿ ನೋಡಿದೆ, ಕೈಯಲ್ಲಿ ಹೂವಿನ ಪೊಟ್ಟಣವಿತ್ತು.

"ಶೈಲಾ, ಬಾಗ್ಲು ತೆಗಿ. ತಪ್ಪಾಯ್ತು ಕಣೇ. ಹಬ್ಬದ ದಿನ ಹೀಗೆ ಹೊರಗಡೆ ನಿಲ್ಲಿಸ್ತೀಯಾ?"

ಅವನು ಅತ್ತ. ಅವರಪ್ಪ ಕಂಬಕ್ಕೆ ಕಟ್ಟಿದ್ದನ್ನು ಮತ್ತೆ ಹೇಳಿದ, ಮೂರನೆಯ ಭಾಗದ ಹಾಗೆ. ಪಾಪ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಬಹಳ ಅನ್ನಿಸಿತು. ನಾಲ್ಕು ವರ್ಷದ ಒಂದು ಹುಡುಗಿ ನನ್ನ ಸೆರಗು ಹಿಡಿದು, "ಈಸ್ ಹಿ ಹರ್ಟ್?" ಅಂತ ಕೇಳಿತು. ಹೌದು ಅಂದೆ. ಮಕ್ಕಳನ್ನೆಲ್ಲ ಒಳಕೋಣೆಗೆ ಕಳಿಸಿ, ಫೋನೆತ್ತಿ ಪೊಲೀಸರಿಗೆ ವಿಳಾಸ ಹೇಳಿದೆ. ನನ್ನ ಕೈಗೆ ಸಿಗುವ ಹಾಗೆ ಫೋನು ಇರುವ ಮನೆ ಇದು. ಆಮೇಲೆ ಅವನಿಗೆ ಹೋಗು ಅಂತ ಮುಖ ನೋಡಿ ಹೇಳಬೇಕು ಅನ್ನಿಸಿತು. ಅದು ತಪ್ಪು. ಸರಪಳಿ ಹಾಕಿಕೊಂಡೇ, ಅದು ಬಿಡುವಷ್ಟು ಅಗಲ ಬಾಗಿಲು ತೆಗೆದೆ.

ಹೂವು ಕೆಳಗೆ ಬಿತ್ತು. ಪ್ಲಾಸ್ಟರಿಲ್ಲದ ಕೈ ಸಂದಿಯೊಳಗೆ ಬಂದು ನನ್ನ ಕುತ್ತಿಗೆ ಹಿಡಿಯಿತು, ಅದೇ ಜಾಗಕ್ಕೆ, ನಾಲ್ಕು ಆಚೆ, ಒಂದು ಈಚೆ. ಅಳು ಆಗಲೇ ನಿಂತಿತ್ತು. "ಪೊಲೀಸ್ ಹತ್ರ ಹೋಗ್ತೀಯೇನೇ" ಅಂದ, ಮೆಲ್ಲಗೆ, ಹಲ್ಲು ಕಚ್ಚಿ. ಇಲ್ಲಿ ಸೌಂಡು ಜಾಸ್ತಿ ಇಡಲು ಟಿ.ವಿ. ಇರಲಿಲ್ಲ. ನಾನು ತಲೆ ಹಿಂದಕ್ಕೆ ಕಿತ್ತುಕೊಂಡು, ಭುಜ ಕೊಟ್ಟು, ಇದ್ದ ಭಾರವನ್ನೆಲ್ಲ ಬಾಗಿಲ ಮೇಲೆ ಹಾಕಿದೆ. ಮೂಳೆಯ ಶಬ್ದ ಕೇಳಿತು. ಪಿಚ್ಚರಿನಲ್ಲಿ ಕೇಳಿಸುವ ಹಾಗಿರುವುದಿಲ್ಲ ಅದು, ಸಣ್ಣಗೆ ಇರುತ್ತದೆ. ಮತ್ತೊಮ್ಮೆ ಒತ್ತಿದೆ. ಅವನು ಕಿರುಚಿದ, ಬೀದಿಯ ಆಚೆ ಮನೆಯವರು ಹೊರಗೆ ಬಂದರು. ಚೌಕಟ್ಟಿನಲ್ಲಿ ಬೆರಳುಗಳು ಸಿಕ್ಕಿಕೊಂಡಿದ್ದವು. ಪೊಲೀಸರು ಬರುವವರೆಗೂ ನಾನು ಬಾಗಿಲಿಗೆ ಒರಗಿಯೇ ನಿಂತಿದ್ದೆ.

ಬಾಗಿಲಿಗೆ ಐದು ಬೆರಳಿರುವುದನ್ನು ಅಮೆರಿಕದಲ್ಲೂ ಕಂಡಿಲ್ಲ ಅಂತ ಬರೆದಿದ್ದಿರಿ. ನಾನು ಕಂಡೆ.

ಅವನು ಈಗ ಒಳಗಿದ್ದಾನೆ. ನಂಜುಂಡಸ್ವಾಮಿಯವರು ಫೋನು ಮಾಡಿದ್ದರು, ನಾನೇ ಮಾತಾಡಿದೆ, ಇನ್ನು ಮಾಡುವುದಿಲ್ಲ. ಅಮ್ಮನಿಗೂ ಬರೆದಿದ್ದೇನೆ, ಸಣ್ಣತಾಯಮ್ಮನ ಹೆಸರು ಬರೆದಿದ್ದೇನೆ. ಅಷ್ಟು ಸಾಕು ಅಂದುಕೊಳ್ಳುತ್ತೇನೆ. ನೀವು ಮೇ ತಿಂಗಳ ಅರ್ಜಿಗೆ ಬೇಕಾದ ಕಾಗದಗಳನ್ನು ಮೈಥಿಲಿಯ ಕೈಯಲ್ಲಿ ಕಳಿಸಿ, ನಾನು ತುಂಬಿ ಕೊಡುತ್ತೇನೆ. ಅದರಲ್ಲೂ ಅಂಕಿಗಳಿವೆ, ನೀವು ಮುಟ್ಟಬೇಡಿ.

ಐದು ಮತ್ತು ಆರನೆಯ ಟೇಪು ಇದರ ಜೊತೆ ವಾಪಸು ಬರುತ್ತಿವೆ. ನಾಲ್ಕನ್ನು ನನಗೆ ಕಳಿಸಿಕೊಡಿ, ಕವಲಿನ ಮುಂದೆ ಕಡ್ಡಿ ಇರುವುದನ್ನು. ಎರಡು ಕೈಯಿಂದ ಅಗುಳಿ ಜಡಿಯುವುದನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕು. ಪಿಚ್ಚರು ಮಾಡಿದವರು ಏನೇ ಬರೆದುಕೊಂಡಿರಲಿ, ಈ ಒಂದು ವಿಷಯದಲ್ಲಿ ನಿಮ್ಮ ಗಡಿಯಾರವೇ ಸರಿ.

ಇಲ್ಲಿ ನಾನು ಕ್ಷೇಮ. ಇನ್ನು ಮುಂದೆ ನೀವು ಆ ಸಾಲನ್ನು ಬರೆಯಬಹುದು.

ನಿಮ್ಮ ಸೊಸೆ,
ಶೈಲಜಾ